ಕೆಂಪು ಇಂಕಿನ ಭಿನ್ನರಾಶಿ

ಇದು ನಡೆದದ್ದು ಮೂರು ವರ್ಷಗಳ ಹಿಂದಿನ ಜುಲೈ ತಿಂಗಳಲ್ಲಿ. ಆಗ ನಾನು ಯಲಹಂಕದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಸಹಶಿಕ್ಷಕ. ಸೇವೆಗೆ ಸೇರಿ ಮೂವತ್ತೊಂದು ವರ್ಷವಾಗಿತ್ತು, ನಿವೃತ್ತಿಗೆ ಒಂದು ವರ್ಷ ಎರಡು ತಿಂಗಳು ಬಾಕಿ ಇತ್ತು. ಈ ಎರಡು ಅಂಕಿಗಳ ನಡುವೆ ಸಿಕ್ಕ ಮನುಷ್ಯನಿಗೆ ಒಂದು ಬಗೆಯ ಗಾಂಭೀರ್ಯ ಬಂದಿರುತ್ತದೆ. ತನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ ಎಂಬ ಭಾವದಿಂದ ಅವನು ಬೆಳಗಿನ ಪ್ರಾರ್ಥನೆಯಲ್ಲಿ ಕೈಕಟ್ಟಿ ನಿಲ್ಲುತ್ತಾನೆ. ನಾನೂ ನಿಲ್ಲುತ್ತಿದ್ದೆ. ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳು ನನ್ನನ್ನು ‘ಭಿನ್ನರಾಶಿ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ತಿಂಗಳ ತರಬೇತಿಯಲ್ಲಿ ಗಣಿತದ ಶಿಕ್ಷಕರೆಲ್ಲರೂ ಒಂದೊಂದು ‘ಕ್ರಿಯಾ ಸಂಶೋಧನೆ’ ಮಾಡಿ, ತಿಂಗಳ ಕೊನೆಯ ಸಮಾಲೋಚನಾ ಸಭೆಯಲ್ಲಿ ಓದಬೇಕೆಂದು ಹೇಳಿದರು. ಹೆಸರು ಭಾರಿಯಾಗಿದ್ದರೂ ವಿಷಯ ಸರಳ. ಶಿಕ್ಷಕ ತನ್ನದೇ ತರಗತಿಯ ಒಂದು ತೊಂದರೆಯನ್ನು ಆರಿಸಿಕೊಂಡು, ಅದಕ್ಕೆ ಕಾರಣ ಹುಡುಕಿ, ಪಾಠದಲ್ಲಿ ಏನಾದರೂ ಬದಲಾಯಿಸಿ, ಆಮೇಲೆ ಏನಾಯಿತೆಂದು ಬರೆದಿಡಬೇಕು. ನಾನು ಆ ಭಾನುವಾರವೇ, ಉಪ್ಪಿಟ್ಟಿಗೂ ಸ್ನಾನಕ್ಕೂ ನಡುವೆ, ನಾಲ್ಕು ಪುಟದ ವರದಿ ಬರೆದು ಮುಗಿಸಿದೆ. ಶೀರ್ಷಿಕೆ: ‘ಆರನೆಯ ತರಗತಿಯ ವಿದ್ಯಾರ್ಥಿಗಳಲ್ಲಿ ಭಿನ್ನರಾಶಿ ಸಂಕಲನ ದೌರ್ಬಲ್ಯ: ಕಾರಣಗಳು ಮತ್ತು ಪರಿಹಾರೋಪಾಯಗಳು’. ಕಾರಣಗಳು ಮೂರು: ಮಕ್ಕಳಿಗೆ ಗಮನವಿಲ್ಲ, ಮನೆಯಲ್ಲಿ ಓದುವುದಿಲ್ಲ, ಪೋಷಕರಿಗೆ ಕಾಳಜಿಯಿಲ್ಲ. ಪಾಯ ತೋಡುವ ಮೊದಲೇ ಗೃಹಪ್ರವೇಶದ ಪತ್ರಿಕೆ ಹಂಚಿದ ಹಾಗಾಯಿತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಸೋಮವಾರ ಅದನ್ನು ವಿಜ್ಞಾನದ ಶಿಕ್ಷಕಿ ಶಶಿಕಲಾಗೆ ತೋರಿಸಿದೆ. ಸೇವೆಗೆ ಸೇರಿ ನಾಲ್ಕು ವರ್ಷವಾಗಿದ್ದ ಹುಡುಗಿ. ಓದಿ, ಪುಟಗಳನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದಳು.

“ಸಾರ್, ಡೇಟಾ ಎಲ್ಲಿ?”

“ಮೂವತ್ತೊಂದು ವರ್ಷದ ಅನುಭವ ಅಂತ ಎರಡನೇ ಪುಟದಲ್ಲೇ ಬರ್ದಿದ್ದೀನಲ್ಲಮ್ಮ.”

“ಅದು ಡೇಟಾ ಅಲ್ಲ ಸಾರ್. ಅದು ನೀವು.”

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಕೊನೆಗೆ ಒಂದು ರಾಜಿಯಾಯಿತು. ಒಂದು ಸಣ್ಣ ಪರೀಕ್ಷೆ ಕೊಡುವುದು, ಒಂದು ಪೂರ್ತಿ ಪೀರಿಯಡ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಎರಡರಿಂದಲೂ ನನ್ನ ಮೂರು ಕಾರಣಗಳು ಇನ್ನಷ್ಟು ಗಟ್ಟಿಯಾಗುತ್ತವೆ ಎಂಬ ಧೈರ್ಯ ನನಗಿತ್ತು.

ಪರೀಕ್ಷೆಯಲ್ಲಿ ಕೇಳಿದ್ದು ಒಂದೇ ಲೆಕ್ಕ: ಎರಡರಲ್ಲಿ ಒಂದು ಭಾಗಕ್ಕೆ ಮೂರರಲ್ಲಿ ಒಂದು ಭಾಗ ಕೂಡಿಸಿದರೆ ಎಷ್ಟು? ಗೆರೆಯ ಮೇಲಿನ ಸಂಖ್ಯೆ ಅಂಶ, ಕೆಳಗಿನದು ಛೇದ. ಛೇದಗಳನ್ನು ಮೊದಲು ಒಂದೇ ಮಾಡಿಕೊಂಡು ಕೂಡಿಸಬೇಕು. ಆಗ ಉತ್ತರ ಆರರಲ್ಲಿ ಐದು. ತರಗತಿಯ ಮೂವತ್ನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಐದರಲ್ಲಿ ಎರಡು ಎಂದು ಬರೆದಿದ್ದರು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿಬಿಟ್ಟಿದ್ದರು. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. ಅರ್ಧ ರೊಟ್ಟಿ ತಿಂದವನು ಮೇಲೆ ಇನ್ನೂ ಒಂದು ತುಂಡು ತಿಂದು, ಒಟ್ಟಿನಲ್ಲಿ ತಿಂದದ್ದು ಅರ್ಧಕ್ಕಿಂತ ಕಡಿಮೆ ಎಂದ ಹಾಗೆ. ಹೊಟ್ಟೆಗೆ ಒಳ್ಳೆಯದು, ಗಣಿತಕ್ಕೆ ಅಲ್ಲ.

ಈ ಹನ್ನೊಂದು ಹೆಸರುಗಳು ನೇರವಾಗಿ ಮುಖ್ಯೋಪಾಧ್ಯಾಯಿನಿ ಪದ್ಮಾವತಿ ಮೇಡಂ ಅವರ ಮೇಜಿಗೆ ಹೋದವು. ಹಿಂದುಳಿದ ಮಕ್ಕಳಿಗೆ ಪ್ರತಿದಿನ ಕೊನೆಯ ಪೀರಿಯಡ್ಡಿನಲ್ಲಿ ಪರಿಹಾರ ಬೋಧನೆ ನಡೆಸಬೇಕು, ಮುಂದಿನ ಸೋಮವಾರದಿಂದ ಎರಡು ತಿಂಗಳು, ಎಂದು ಅವರು ಆಗಲೇ ನೋಟಿಸ್ ಬರೆದಿದ್ದರು. ಕೊನೆಯ ಪೀರಿಯಡ್ಡೆಂದರೆ ಆಟದ ಪೀರಿಯಡ್. ಹನ್ನೊಂದರಲ್ಲಿ ಐದು ಮಂದಿ ಶಾಲೆಯ ಖೋ ಖೋ ತಂಡದ ಹುಡುಗಿಯರು. ವಲಯ ಮಟ್ಟದ ಪಂದ್ಯಕ್ಕೆ ಉಳಿದಿದ್ದದ್ದು ಐದು ವಾರ.

ದೈಹಿಕ ಶಿಕ್ಷಕ ನಾಗರಾಜು ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಸ್ಟಾಫ್ ರೂಮಿಗೆ ಬಂದರು.

“ಏನ್ ಮೇಷ್ಟ್ರೇ, ನನ್ ಟೀಮನ್ನೇ ಲಿಸ್ಟ್ ಮಾಡಿ ಕೊಟ್ಬಿಟ್ಟಿದ್ದೀರಲ್ಲ! ಕ್ಯಾಪ್ಟನ್ನೂ ಬಿಡ್ಲಿಲ್ಲ.”

“ನಾನೇನ್ ಮಾಡ್ಲಿ ನಾಗರಾಜು, ಛೇದ ಬಿಟ್ಟು ಓಡಿದ್ದಾರೆ.”

“ಓಡೋದೇ ಅಲ್ವಾ ಸಾರ್ ಅವರ ಕೆಲ್ಸ!”

ಆ ಕ್ಯಾಪ್ಟನ್ ರೇಣುಕಾ. ಅಪ್ಪ ಕೊಪ್ಪಳದ ಕಡೆಯವರು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಮನೆ ಅಲ್ಲಾಳಸಂದ್ರದಲ್ಲಿ. ಲಿಸ್ಟಿನ ಸುದ್ದಿ ತಿಳಿದ ದಿನ ಅವಳು ಅಳಲಿಲ್ಲ, ಗೋಗರೆಯಲಿಲ್ಲ. ಮೈದಾನಕ್ಕೆ ಹೋಗಿ ಖೋ ಖೋ ಕಂಬವನ್ನು ತಬ್ಬಿಕೊಂಡು ನಿಂತಳಂತೆ. ನಾಗರಾಜು ಇದನ್ನು ನನಗೆ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ನನ್ನ ಮುಖ ನೋಡುತ್ತಲೇ ಹೇಳಿದರು.

ಮರುದಿನ ಫೋನನ್ನು ಮೂರನೆಯ ಬೆಂಚಿನ ಕಿಟಕಿಯ ಮೇಲಿಟ್ಟು ಪಾಠ ಮಾಡಿದೆ. ರೆಕಾರ್ಡಿಂಗ್ ಕೇಳಲು ನಾನು ಆರಿಸಿಕೊಂಡ ಸ್ಥಳ ಹೆಬ್ಬಾಳದ ಮೇಲ್ಸೇತುವೆ. ಸಂಜೆ ಆರ್.ಟಿ. ನಗರದ ಮನೆಗೆ ಬಸ್ಸಿನಲ್ಲಿ ಹೋಗುವಾಗ ಅಲ್ಲಿನ ಟ್ರಾಫಿಕ್ ಜಾಮಿನಲ್ಲಿ ದೊರೆಯುವ ಏಕಾಂತ, ನಿಶ್ಚಲತೆ ಯಾವ ಗ್ರಂಥಾಲಯದಲ್ಲೂ ದೊರೆಯದು. ಇಯರ್‌ಫೋನ್ ಸಿಕ್ಕಿಸಿಕೊಂಡು ಗುಂಡಿ ಒತ್ತಿದೆ. ಅದರ ಪಿನ್ನು ಫೋನಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಇಡೀ ಬಸ್ಸಿಗೆ ನನ್ನ ಧ್ವನಿ ಕೇಳಿಸಿತು: “ಮೊದ್ಲು ಛೇದ ನೋಡ್ಬೇಕು. ಅರ್ಥ ಆಯ್ತಾ? ಛೇದ ಬೇರೆ ಬೇರೆ ಇದ್ರೆ ಏನ್ ಮಾಡ್ಬೇಕು? ಒಂದೇ ಮಾಡ್ಬೇಕು. ಅರ್ಥ ಆಯ್ತಾ?”

“ಅರ್ಥ ಆಯ್ತು ಸಾರ್, ಟಿಕೆಟ್ ತೋರ್ಸಿ,” ಎಂದಳು ಕಂಡಕ್ಟರ್. ಹಿಂದಿನ ಸೀಟಿನವರೆಲ್ಲ ನಕ್ಕರು.

ಇಯರ್‌ಫೋನ್ ಒತ್ತಿ ಸರಿಮಾಡಿಕೊಂಡು ಮುಂದೆ ಕೇಳಿದೆ. ನಗು ನಿಧಾನವಾಗಿ ನನ್ನ ಮುಖದಿಂದ ಇಳಿಯಿತು. ನಲವತ್ತು ನಿಮಿಷದಲ್ಲಿ ನಾನು “ಅರ್ಥ ಆಯ್ತಾ” ಎಂದು ಕೇಳಿದ್ದು ಐವತ್ತೆರಡು ಸಲ. ನಿಜವಾದ ಪ್ರಶ್ನೆ ಕೇಳಿದ್ದು ಹತ್ತೊಂಬತ್ತು. ಅದರಲ್ಲಿ ಹದಿನೇಳಕ್ಕೆ ಉತ್ತರ ಹೇಳಿದವನು ನಾನೇ. ಮಕ್ಕಳು ನನ್ನ ಕೊನೆಯ ಪದವನ್ನು ರಾಗವಾಗಿ ಎತ್ತಿಕೊಳ್ಳುತ್ತಿದ್ದರು, ಭಜನೆಯಲ್ಲಿ ಹಿಮ್ಮೇಳದವರಂತೆ. ಮೂವತ್ತೊಂದು ವರ್ಷ ನಾನು ಇದನ್ನು ‘ತರಗತಿಯ ಉತ್ಸಾಹದ ಪಾಲ್ಗೊಳ್ಳುವಿಕೆ’ ಎಂದು ಡೈರಿಯಲ್ಲಿ ಬರೆಯುತ್ತ ಬಂದಿದ್ದೆ.

ಇಡೀ ಪೀರಿಯಡ್ಡಿನಲ್ಲಿ ನಾನು ಬಾಯಿ ಮುಚ್ಚಿದ್ದು ಒಂದೇ ಸಲ. ಆ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ವಾಯುನೆಲೆಯ ವಿಮಾನ ತಲೆಯ ಮೇಲೆ ಹೋದರೆ ಗಣಿತವೂ ನಿಲ್ಲಬೇಕು, ಸಮಾಜ ವಿಜ್ಞಾನವೂ ನಿಲ್ಲಬೇಕು. ಸದ್ದು ದೂರವಾದ ಮೇಲೂ ನಾನು ಕಿಟಕಿಯಿಂದ ಅದನ್ನೇ ನೋಡುತ್ತ ನಿಂತಿದ್ದೆನೆಂದು ಕಾಣುತ್ತದೆ. ಆ ಮೌನದಲ್ಲಿ, ಫೋನಿನ ಪಕ್ಕದಲ್ಲೇ, ರೇಣುಕಾ ತನ್ನ ಗೆಳತಿಗೆ ಪಿಸುಗುಟ್ಟಿದ್ದು ಸ್ಪಷ್ಟವಾಗಿ ದಾಖಲಾಗಿತ್ತು.

“ಅಷ್ಟೆಲ್ಲಾ ಬ್ಯಾಡ ಬಿಡಲೇ. ಸರ್ ಬರೀತಾರಲ್ಲ, ಹಂಗ ಮಾಡು. ಮ್ಯಾಲಿಂದು ಮ್ಯಾಲ ಕೂಡ್ಸು, ಕೆಳಗಿಂದು ಕೆಳಗ ಕೂಡ್ಸು.”

ಸರ್ ಬರೀತಾರಲ್ಲ? ಮತ್ತೆ ಮತ್ತೆ ಕೇಳಿದೆ. ಮೇಲ್ಸೇತುವೆಯ ಮೇಲೆ ಅದಕ್ಕೆ ಬೇಕಾದಷ್ಟು ಸಮಯವಿತ್ತು. ನಾನು ಹಾಗೆ ಬರೆಯುವುದೆಂದರೇನು? ಛೇದವನ್ನು ಛೇದಕ್ಕೆ ಕೂಡಿಸುವವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕಾಲವನ್ನು ಕಂಡವನು ನಾನು.

ಮರುದಿನ ಊಟದ ಬಿಡುವಿನಲ್ಲಿ ರೇಣುಕಾಳನ್ನು ಕರೆದೆ. ಬೈಗುಳಕ್ಕೆ ಸಿದ್ಧಳಾಗಿ ಬಂದಳು.

“ಬೈಯೋಕೆ ಕರೀಲಿಲ್ಲಮ್ಮ. ಐದರಲ್ಲಿ ಎರಡು ಅಂತ ಬರ್ದೆಯಲ್ಲ, ಹಾಗೆ ಮಾಡ್ಬೇಕು ಅಂತ ಯಾರ್ ಹೇಳ್ಕೊಟ್ರು?”

ಅವಳು ನೆಲ ನೋಡಿದಳು. ನಾನು ಇನ್ನೊಂದು ಪ್ರಶ್ನೆ ಹಾಕಲು ಬಾಯಿ ತೆರೆದವನು, ಬಸ್ಸಿನ ನೆನಪಾಗಿ ಮುಚ್ಚಿದೆ.

“ನೀವ ಕಲಿಸಿದ್ದಲ್ರೀ ಸರ್,” ಎಂದಳು.

“ನಾನಾ? ಯಾವಾಗ?”

“ವಾರಾ ವಾರಾ ಕಲಸ್ತೀರಲ್ರಿ.”

ನೋಟ್ ಬುಕ್ ತಂದು ಕೊನೆಯ ಪುಟ ತೆರೆದಳು. ಅಲ್ಲಿ ನನ್ನ ಅಕ್ಷರ, ನನ್ನ ಸಹಿ, ನನ್ನ ಕೆಂಪು ಇಂಕು.

ನನ್ನದೊಂದು ಪದ್ಧತಿಯಿತ್ತು. ವಾರಕ್ಕೆ ಎರಡು ಕಿರುಪರೀಕ್ಷೆ: ಬುಧವಾರ ಬಾಯಿಲೆಕ್ಕಕ್ಕೆ ಐದು ಅಂಕ, ಶನಿವಾರ ಬರವಣಿಗೆಗೆ ಎಂಟು. ಎರಡನ್ನೂ ಸೇರಿಸಿ ನೋಟ್ ಬುಕ್ಕಿನ ಹಿಂದೆ ಬರೆಯುತ್ತಿದ್ದೆ. ರೇಣುಕಾಳ ಪುಟದಲ್ಲಿ 2/5 + 5/8 = 7/13 ಎಂದಿತ್ತು. ಐದಕ್ಕೆ ಎರಡು, ಎಂಟಕ್ಕೆ ಐದು, ಒಟ್ಟು ಹದಿಮೂರಕ್ಕೆ ಏಳು. ಅಂಕಗಳನ್ನು ಒಟ್ಟು ಮಾಡುವ ರೀತಿಯಾಗಿ ಅದರಲ್ಲಿ ತಪ್ಪೇನಿಲ್ಲ. ಆದರೆ ನಡುವೆ ಪ್ಲಸ್ ಚಿಹ್ನೆ ಹಾಕಿ ಹಾಗೆ ಬರೆದಾಗ ಅದು ಭಿನ್ನರಾಶಿಯ ಸಂಕಲನವಾಗುತ್ತದೆ, ಮತ್ತು ಶುದ್ಧ ತಪ್ಪಾಗುತ್ತದೆ. ಪೋಷಕರಿಗೆ ಒಂದೇ ನೋಟಕ್ಕೆ ತಿಳಿಯಲಿ ಎಂದು ನಾನೇ ಕಂಡುಕೊಂಡ ಈ ಪದ್ಧತಿಯನ್ನು ಮೂರು ಶಾಲೆಗಳಲ್ಲಿ, ಮೂವತ್ತೊಂದು ವರ್ಷ, ಒಂದು ವಾರವೂ ತಪ್ಪದೆ ನಡೆಸಿಕೊಂಡು ಬಂದಿದ್ದೆ.

“ಬೋರ್ಡ್ ಮ್ಯಾಲ ಒಂದು ಥರಾ ಮಾಡ್ತೀರಿ, ಬುಕ್‌ನ್ಯಾಗ ಒಂದು ಥರಾ,” ಎಂದಳು ರೇಣುಕಾ. “ಬೋರ್ಡಿಂದು ಅಳಿಸಿ ಹಾಕ್ತೀರಿ. ಇದು ಕೆಂಪು ಇಂಕಿನ್ಯಾಗ ಇರ್ತದ, ಸಹೀನೂ ಇರ್ತದ. ಇದ ಖರೇ ಇರ್ಬೇಕು ಅಂದ್ಕೊಂಡೆ.”

ಉಳಿದ ಹತ್ತು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳಿದೆ. ಏಳು ಮಂದಿ ಹಿಂದಿನ ಪುಟವನ್ನೇ ತೋರಿಸಿದರು. ಮೂವರು ರೇಣುಕಾಳನ್ನು ತೋರಿಸಿದರು. ಅಂದರೆ ಗಮನವಿಲ್ಲದ, ಮನೆಯಲ್ಲಿ ಓದದ ಆ ಮಕ್ಕಳು ನನ್ನ ಬರವಣಿಗೆಯನ್ನು ಯಾರೂ ಓದದಷ್ಟು ಶ್ರದ್ಧೆಯಿಂದ ಓದಿದ್ದರು.

ಪದ್ಮಾವತಿ ಮೇಡಂ ಬಳಿ ಹೋಗಿ ವಿಷಯ ಹೇಳಿ, ಲಿಸ್ಟ್ ವಾಪಸ್ ಕೊಡಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ನಗು ತಡೆಯಲು ಹಾಜರಿ ಪುಸ್ತಕವನ್ನು ಮುಖದ ಹತ್ತಿರ ಹಿಡಿದುಕೊಂಡಿದ್ದರು.

“ತಪ್ಪು ಯಾರದ್ದೇ ಇರ್ಲಿ ಸರ್, ಮಕ್ಕಳಿಗೆ ಲೆಕ್ಕ ಬರಲ್ವಲ್ಲ. ಶುಕ್ರವಾರ ಮತ್ತೆ ಟೆಸ್ಟ್ ಮಾಡಿ. ಬಂದವರು ಗ್ರೌಂಡಿಗೆ, ಬರದವರು ರೂಮಿಗೆ. ಪ್ರಶ್ನೆ ಮಾತ್ರ ಶಶಿಕಲಾ ತೆಗೀಲಿ.”

ಅಂದು ಬುಧವಾರ. ನನ್ನ ಕೈಯಲ್ಲಿದ್ದದ್ದು ಗುರುವಾರದ ಒಂದು ಪೀರಿಯಡ್.

ಗುರುವಾರ ಹಳೆಯ ಪೇಪರಿನಿಂದ ಮೂವತ್ತು ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಕತ್ತರಿಸಿ ಹಂಚಿದೆ. ಅರ್ಧ ಎಷ್ಟು, ಮೂರರಲ್ಲೊಂದು ಎಷ್ಟು, ಎರಡನ್ನೂ ಒಂದರ ಮುಂದೊಂದು ಇಟ್ಟರೆ ಎಲ್ಲಿಗೆ ಬರುತ್ತದೆ, ಅಳೆದು ನೋಡಿ ಎಂದೆ. ಅಷ್ಟು ಹೇಳಿ ಸುಮ್ಮನಾದೆ. ಸುಮ್ಮನಿರುವುದು ಎಷ್ಟು ಶ್ರಮದ ಕೆಲಸವೆಂದು ಅಂದು ತಿಳಿಯಿತು. ಎರಡು ಸಲ ಕೆಮ್ಮಿದೆ, ಒಂದು ಸಲ ಡಸ್ಟರ್ ಕೊಡವಿದೆ.

ಅರ್ಧ ಹದಿನೈದು, ಮೂರರಲ್ಲೊಂದು ಹತ್ತು, ಸೇರಿ ಇಪ್ಪತ್ತೈದು ಸೆಂಟಿಮೀಟರ್. ಐದರಲ್ಲಿ ಎರಡು ಭಾಗ ಅಳೆದರೆ ಹನ್ನೆರಡು. ರೇಣುಕಾ ಸ್ಕೇಲನ್ನು ಮೂರು ಸಲ ಇಟ್ಟು ನೋಡಿದಳು. ಆಮೇಲೆ ಎದ್ದು ನಿಂತಳು.

“ಸರ್, ಅರ್ಧಾ ಇಟ್ಟು ಮ್ಯಾಲ ಮತ್ತ ಇಟ್ರ ಕಡಿಮಿ ಹೆಂಗಾಗ್ತದ್ರೀ? ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ ಕೂಡ್ಸೂದು ತಪ್ಪು.” ನೋಟ್ ಬುಕ್ಕಿನ ಕೊನೆಯ ಪುಟ ತೆರೆದಳು. “ಹಂಗಾದ್ರ ನಮ್ಮ ಬುಕ್‌ನ್ಯಾಗ ನೀವು ಬರ್ದಿದ್ದು?”

ಮೂವತ್ನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ಪ್ಲಸ್ ಚಿಹ್ನೆ, ಅಂಕಪಟ್ಟಿಯ ಸಂಪ್ರದಾಯ, ಆಡಳಿತಾತ್ಮಕ ಅನುಕೂಲ ಎಂದೆಲ್ಲ ಹತ್ತು ನಿಮಿಷ ಮಾತಾಡಿ ಪಾರಾಗುವ ವಿದ್ಯೆ ನನಗಿತ್ತು. ಆದರೆ ಸೋಮವಾರದಿಂದ ಕೋಣೆಯೊಳಗೆ ಕೂರಬೇಕಾದವಳು ಕಣ್ಣೆದುರಿಗೆ ನಿಂತಿದ್ದಳು.

“ತಪ್ಪು,” ಎಂದೆ. “ನಾನು ಬರ್ದಿದ್ದು ತಪ್ಪು.”

ಕೊನೆಯ ಬೆಂಚಿನಲ್ಲಿ ಮುನಿರಾಜು ಎದ್ದ. ಅಮೃತಹಳ್ಳಿಯ ಹಳೆಯ ಒಕ್ಕಲು ಮನೆಯ ಹುಡುಗ, ಅಜ್ಜಿಯ ಮಾತನ್ನೇ ಆಡುವವನು.

“ಸಾ, ಅಂಗಾದ್ರೆ ನಿಮ್ಗೂ ಪರಿಹಾರ ಬೋಧನೆನಾ ಸಾ?”

ಆ ನಗು ಪಕ್ಕದ ಕೋಣೆಯಲ್ಲಿದ್ದ ಶಶಿಕಲಾಳನ್ನು ಬಾಗಿಲಿಗೆ ತಂದಿತು. ನಾನೂ ನಕ್ಕೆ. ಶಾಲೆಯ ಆವರಣದಲ್ಲಿ ನಾನು ಹಾಗೆ ನಕ್ಕದ್ದಕ್ಕೆ ಹಿಂದಿನ ದಾಖಲೆ ಇರಲಿಲ್ಲ.

ಮುಂದಿನದನ್ನು ನಾನು ಯೋಜಿಸಿರಲಿಲ್ಲ. ನಗು ನಿಲ್ಲುವುದರೊಳಗೆ ಮುನಿರಾಜು ತನ್ನ ಹಿಂದಿನ ಪುಟ ತೆರೆದು ಪೆನ್ಸಿಲ್ ಹಿಡಿದಿದ್ದ. ಅವನಿಗೆ ಐದಕ್ಕೆ ಮೂರು, ಎಂಟಕ್ಕೆ ನಾಲ್ಕು ಬಂದಿತ್ತು. ಐದಕ್ಕೂ ಎಂಟಕ್ಕೂ ಸಾಮಾನ್ಯವಾದ ಛೇದ ನಲವತ್ತು. ಇಪ್ಪತ್ತನಾಲ್ಕು, ಇಪ್ಪತ್ತು, ಒಟ್ಟು ನಲವತ್ತರಲ್ಲಿ ನಲವತ್ತನಾಲ್ಕು.

“ಸಾ! ಸರಿಯಾಗಿ ಕೂಡುದ್ರೆ ನಂಗೆ ಫುಲ್ ಮಾರ್ಕ್ಸ್‌ಗಿಂತ ಜಾಸ್ತಿ ಬತ್ತದೆ! ಇಂಗೇ ಕೊಡಿ ಸಾ!”

ಅಷ್ಟೇ ಸಾಕಾಯಿತು. ಮೂವತ್ನಾಲ್ಕು ನೋಟ್ ಬುಕ್ಕುಗಳು ಮಗುಚಿಬಿದ್ದವು. ನಾನು ಎಷ್ಟು ಗದರಿದರೂ ಛೇದದ ಕಡೆ ತಲೆಹಾಕದಿದ್ದವರು, ತಮಗೆ ಒಂದಕ್ಕಿಂತ ಹೆಚ್ಚು ಬರುತ್ತದೆಯೋ ಇಲ್ಲವೋ ತಿಳಿಯಲು ನಲವತ್ತರ ಛೇದಕ್ಕೆ ಮುಗಿಬಿದ್ದರು. “ನಂದು ನಲವತ್ತೊಂದು ಬೈ ನಲವತ್ತು ಸರ್!” ಎಂದು ರೇಣುಕಾ ಕೂಗಿದಳು. “ಲೇ, ನಿಂದು ತಪ್ಪು, ಐದೈದ್ಲ ಎಷ್ಟು ನೋಡು,” ಎಂದು ಗೆಳತಿಯನ್ನು ತಿದ್ದಿದಳು. ಆಮೇಲೆ ಹೀಗೆ ಸೇರಿಸಿದರೆ ಅಂಕಪಟ್ಟಿಯಲ್ಲಿ ಇಷ್ಟೊಂದು ಮಂದಿ ನೂರಕ್ಕೆ ನೂರನ್ನು ದಾಟುತ್ತಾರಲ್ಲ, ಅದು ಹೇಗೆ ಎಂದು ಅವರೇ ಜಗಳವಾಡಿದರು. ಎರಡು ಬೇರೆ ಬೇರೆ ಪರೀಕ್ಷೆ, ಒಂದೇ ಕಾಗದದ ಪಟ್ಟಿಯಲ್ಲ, ಅದಕ್ಕೇ ಅಲ್ಲಿ ಪ್ಲಸ್ ಹಾಕಬಾರದು ಎಂದು ತೀರ್ಮಾನಿಸಿದರು. ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು, ಹೇಳಲಿಲ್ಲ.

ಶುಕ್ರವಾರ ಶಶಿಕಲಾ ತೆಗೆದ ಮೂರು ಲೆಕ್ಕಗಳು ಬೋರ್ಡಿನ ಮೇಲೆ ಬಂದವು. ಹತ್ತು ಮಂದಿ ಬರೆದು ಕೊಟ್ಟರು. ರೇಣುಕಾ ಮಾತ್ರ ಬರೆದು ಅಳಿಸಿ, ಮತ್ತೆ ಬರೆಯುತ್ತಿದ್ದಳು. ಕಿಟಕಿಯ ಹೊರಗೆ ನಾಗರಾಜು ಯಾವ ಕೆಲಸವೂ ಇಲ್ಲದೆ ಏಳನೆಯ ಸಲ ಹಾದುಹೋದರು. ಬೆಲ್ ಹೊಡೆಯುವ ಹೊತ್ತಿಗೆ ಹಾಳೆ ಕೊಟ್ಟಳು. ಶಶಿಕಲಾ ಸ್ಟಾಫ್ ರೂಮಿನಲ್ಲಿ ತಿದ್ದುವಾಗ ನಾವಿಬ್ಬರು ಗಂಡಸರು ಬಾಗಿಲಲ್ಲಿ, ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ನಿಂತಿದ್ದೆವು.

ಹನ್ನೊಂದರಲ್ಲಿ ಒಂಬತ್ತು ಮಂದಿಯ ಮೂರೂ ಲೆಕ್ಕ ಸರಿ. ರೇಣುಕಾಳದ್ದೂ ಸರಿ. ನಾಗರಾಜು ಸ್ಟಾಫ್ ರೂಮಿನೊಳಗೇ ಸೀಟಿ ಊದಿದರು. ಅದಕ್ಕೆ ಮೇಡಂ ಅವರಿಂದ ಮೌಖಿಕ ಎಚ್ಚರಿಕೆ ಪಡೆದರು.

ಉಳಿದ ಇಬ್ಬರ ಹೆಸರಿದ್ದ ಹೊಸ ಲಿಸ್ಟನ್ನು ಮೇಡಂಗೆ ಕೊಟ್ಟೆ. ಮೂರನೆಯದಾಗಿ ನನ್ನ ಹೆಸರನ್ನೂ ಬರೆದಿದ್ದೆ.

“ಇದೇನ್ ಸರ್?”

“ತರಗತಿಯ ತೀರ್ಪು ಮೇಡಂ. ಮೇಲ್ಮನವಿ ಹಾಕಿಲ್ಲ.”

ನಮ್ಮ ಮೂವರ ಪರಿಹಾರ ಬೋಧನೆಯನ್ನು ಊಟದ ಬಿಡುವಿನಲ್ಲಿ ರೇಣುಕಾ ಕಾಗದದ ಪಟ್ಟಿ ಹಿಡಿದು ನಡೆಸಿದಳು. ಮುಂದಿನ ವಾರ ಇಬ್ಬರೂ ತೇರ್ಗಡೆಯಾದರು. ನನ್ನ ಶಿಕ್ಷೆ ಬೇರೆ ಇತ್ತು. ಮೂವತ್ನಾಲ್ಕು ಪುಸ್ತಕಗಳ ಹಿಂದಿನ ಪುಟದಲ್ಲಿದ್ದ ಒಂದೊಂದು ಪ್ಲಸ್ ಚಿಹ್ನೆಯನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಬೇಕು. ಮಾಡಿದೆ. ಖೋ ಖೋ ತಂಡ ವಲಯ ಮಟ್ಟದಲ್ಲಿ ಎರಡನೆಯ ಸ್ಥಾನ ಪಡೆಯಿತು. ಮೊದಲ ಸ್ಥಾನ ತಪ್ಪಿದ್ದು ನನ್ನ ಲಿಸ್ಟಿನ ಟೆನ್ಷನ್‌ನಿಂದ ಎಂದು ನಾಗರಾಜು ಇವತ್ತಿಗೂ ಹೇಳುತ್ತಾರೆ.

ತಿಂಗಳ ಕೊನೆಯ ಸಭೆಯಲ್ಲಿ ಸುತ್ತಲ ಶಾಲೆಗಳ ಇಪ್ಪತ್ತು ಗಣಿತ ಶಿಕ್ಷಕರು ಸೇರಿದ್ದರು. ಭಾನುವಾರ ಬರೆದಿದ್ದ ವರದಿಯನ್ನು ನಾನು ಹರಿದು ಹಾಕಿರಲಿಲ್ಲ. ಅದನ್ನೂ ಒಂದು ದತ್ತಾಂಶವೆಂದು ಪರಿಗಣಿಸಿ, ‘ಶಿಕ್ಷಕನ ಪೂರ್ವಗ್ರಹ’ ಎಂಬ ತಲೆಬರಹದಡಿ ಹೊಸ ವರದಿಗೆ ಲಗತ್ತಿಸಿದ್ದೆ. ಎರಡನ್ನೂ ಓದಿದೆ. ಕೆಂಪು ಇಂಕಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಿನ್ನರಾಶಿ ಮೇಷ್ಟ್ರ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹಿರಿಯ ಶಿಕ್ಷಕಿ ನಿಧಾನವಾಗಿ ಬ್ಯಾಗಿನ ಜಿಪ್ ಎಳೆದು, ತಿದ್ದಲು ತಂದಿದ್ದ ಉತ್ತರ ಪತ್ರಿಕೆಗಳನ್ನು ಹೊರತೆಗೆದರು. ನೋಡಿ, ಬೇಗನೆ ಒಳಗಿಟ್ಟರು. ಪಕ್ಕದವರೂ ಬ್ಯಾಗ್ ತೆರೆದರು. ಆಮೇಲೆ ಇಡೀ ಸಭಾಂಗಣ ಜಿಪ್ಪುಗಳ ಸದ್ದಿನಿಂದ ತುಂಬಿತು.

“ಅಯ್ಯೋ ದೇವ್ರೇ, ನಂದೂ ಇದೇ ಕಣ್ರೀ!” ಎಂದು ಯಾರೋ ಕೂಗಿದರು. ಚಪ್ಪಾಳೆ ಆಮೇಲೆ ಬಂತು, ನಗುವಿನ ಜೊತೆ.

ಮರುವರ್ಷದ ಸೆಪ್ಟೆಂಬರ್ ಕೊನೆಗೆ ನಿವೃತ್ತನಾದೆ. ಹಾರ, ಶಾಲು, ಫಲತಾಂಬೂಲಗಳಾದ ಮೇಲೆ, ಆಗ ಏಳನೆಯ ತರಗತಿಯಲ್ಲಿದ್ದ ರೇಣುಕಾ ಮತ್ತು ಮುನಿರಾಜು ಒಂದು ಅಂಕಪಟ್ಟಿ ತಂದು ಕೊಟ್ಟರು. ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಬರೆದದ್ದು. ‘ಗಣಿತ ಕಲಿಸುವುದು: ಹತ್ತಕ್ಕೆ ಒಂಬತ್ತು. ತಪ್ಪು ಒಪ್ಪಿಕೊಳ್ಳುವುದು: ಐದಕ್ಕೆ ಐದು. ಒಟ್ಟು: ಹದಿನೈದಕ್ಕೆ ಹದಿನಾಲ್ಕು.’ ಎಲ್ಲಿಯೂ ಗೆರೆಯಿಲ್ಲ, ಪ್ಲಸ್ ಇಲ್ಲ.

“ಆ ಒಂದು ಅಂಕ ಯಾಕಮ್ಮ ಹೋಯ್ತು?” ಎಂದು ಕೇಳಿದೆ.

ರೇಣುಕಾ ಮುನಿರಾಜುವಿನ ಮುಖ ನೋಡಿದಳು. ಮುನಿರಾಜು ಮೇಡಂ ಮುಖ ನೋಡಿದ. ಉತ್ತರ ನನಗೆ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೂ ಹಾರದೊಳಗೆ ಬೆವರುತ್ತ ಕಾದೆ. ಮೇಲೆ ಒಂದು ವಿಮಾನ ಬಂದು, ದಾಟಿ, ದೂರ ಹೋಯಿತು. ನಾನು ಇನ್ನೂ ಕಾಯುತ್ತಿದ್ದೆ.

“ನಾವು ಉತ್ತರ ಹೇಳೂದ್ರಾಗ ನೀವ ಹೇಳಿಬಿಡ್ತೀರಿ ಸರ್,” ಎಂದಳು ರೇಣುಕಾ. “ಅದಕ್ಕ ಒಂದು ಕಟ್.”

“ಈಗ ಸುಮ್ನಿದ್ರಲ್ಲಾ ಸಾ,” ಎಂದ ಮುನಿರಾಜು. ನನ್ನ ಜೇಬಿನಿಂದಲೇ ಕೆಂಪು ಪೆನ್ನು ತೆಗೆದುಕೊಂಡು, ಹದಿನಾಲ್ಕನ್ನು ಹೊಡೆದು ಹದಿನೈದು ಮಾಡಿ, ಪಕ್ಕದಲ್ಲಿ ಸಹಿ ಹಾಕಿದ.

ಮೂವತ್ತೆರಡು ವರ್ಷದ ವೃತ್ತಿಯಿಂದ ಏನು ಕಲಿತಿರಿ ಎಂದು ಈಗ ಹೊಸ ಶಿಕ್ಷಕರು ಯಾರಾದರೂ ಕೇಳಿದರೆ, ಆ ಅಂಕಪಟ್ಟಿಯನ್ನು ಅವರ ಮುಂದಿಡುತ್ತೇನೆ. ಮಿಕ್ಕಿದ್ದನ್ನು ಅವರೇ ಹೇಳಲಿ ಎಂದು ಕಾಯುತ್ತೇನೆ.